ತಟ್ಟಿದರೆ ಠಣ್ ಅನ್ನಬೇಕು

ಆ ಊರಲ್ಲಿ ಶಾಲೆಗೆ ಸೇರುವವರು ಖಾಲಿ ಮಡಕೆ ಹೊತ್ತು ಬರಬೇಕಿತ್ತು. ಬಳಪ ಬೇಡ, ಹಲಗೆ ಬೇಡ, ಮಡಕೆ ಸಾಕು. ದಿಬ್ಬದ ಮೇಲಿನ ಕಲ್ಲಿನ ಬಾಗಿಲಲ್ಲಿ ತಟ್ಟುವವನು ನಿಂತಿರುತ್ತಿದ್ದ. ಬೆರಳಿನ ಗೆಣ್ಣು ಮಡಿಸಿ ಮಡಕೆಯ ಹೊಟ್ಟೆಗೆ ತಟ್ಟಿ, ತಲೆ ವಾರೆ ಮಾಡಿ ಕೇಳುತ್ತಿದ್ದ. ಠಣ್ ಅಂದರೆ ಒಳಗೆ. ದಬ್ ಅಂದರೆ ಮನೆಗೆ.

ಬೇರೆ ಊರುಗಳಲ್ಲಿ ತಿಳುವಳಿಕೆಗೆ ತೂಕವಿಲ್ಲ. ಆ ಊರಲ್ಲಿತ್ತು. ಗೊತ್ತಿದ್ದದ್ದನ್ನು ಮಡಕೆಗೆ ಬಾಯಿಟ್ಟು ಹೇಳಿದರೆ ಅದು ಕಾಳಾಗಿ ಒಳಗೆ ಬೀಳುತ್ತಿತ್ತು. ಅಜ್ಜಿಯ ಜೋಗುಳವಾದರೆ ರಾಗಿಯಷ್ಟು ಸಣ್ಣಗೆ, ಅಜ್ಜ ತೋರಿಸಿಕೊಟ್ಟ ಮೀನಿನ ದಾರಿಯಾದರೆ ಅವರೆಕಾಳಿನಷ್ಟು ದಪ್ಪಗೆ. ಶಾಲೆಗೆ ಸೇರುವ ಮಗು ತನಗೆ ಗೊತ್ತಿದ್ದದ್ದನ್ನೆಲ್ಲ ಹೊಸ ಮಡಕೆಯೊಂದಕ್ಕೆ ಹೇಳಬೇಕು. ಅದನ್ನು ಹೊತ್ತು ತಂದು ಬಾಗಿಲ ಪಕ್ಕದ ಗುಂಡಿಗೆ ಸುರಿಯಬೇಕು. ಸುರಿದದ್ದು ಆಮೇಲೆ ಆ ಮಗುವಿನ ನೆನಪಿಗೆ ಬರುತ್ತಿರಲಿಲ್ಲ. ಗುಂಡಿ ಮಾತ್ರ ಹಗಲೆಲ್ಲ ಗುಂಯ್ ಅನ್ನುತ್ತಿತ್ತು. ದಾರಿಹೋಕರು ಜೇನು ಕಟ್ಟಿದೆಯೇನೋ ಅಂದುಕೊಂಡು ದೂರ ಸರಿದು ಹೋಗುತ್ತಿದ್ದರು.

ಈ ಕಟ್ಟಳೆ ಮಾಡಿದವರು ಟೋಪಿಯವರು. ಹೊಳೆಯ ಮೇಲೆ ದೊಡ್ಡ ದೋಣಿಗಳಲ್ಲಿ ಬಂದವರು. ಖಾಲಿ ಪಾತ್ರೆಯನ್ನಷ್ಟೇ ತುಂಬಿಸಬಹುದು ಎಂದು ಅವರು ಹೇಳಿದರು. ಹೌದಲ್ಲವೇ ಎಂದು ಊರು ತಲೆಯಾಡಿಸಿತು. ಬಹಳ ಕಾಲ ಇದ್ದು, ಒಂದು ದಿನ ಬಂದ ಹಾಗೇ ಹೋದರು. ಹೋಗುವಾಗ ಒಂದು ಟೋಪಿ ಬಿಟ್ಟುಹೋದರು. ಮರೆತು ಬಿಟ್ಟರೋ, ಬೇಕೆಂದೇ ಬಿಟ್ಟರೋ, ಯಾರಿಗೂ ಗೊತ್ತಿಲ್ಲ. ಊರಿನವರು ಅದನ್ನು ಶಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಟೋಪಿಯವರು ಒಂದು ಸಲ ತಟ್ಟುತ್ತಿದ್ದ ಕಡೆ ತಾವು ಮೂರು ಸಲ ತಟ್ಟತೊಡಗಿದರು. ಯಜಮಾನ ಮನೆ ಬಿಟ್ಟ ಮೇಲೆ ಪಾರುಪತ್ಯಗಾರ ಜೋರು ಮಾಡುತ್ತಾನಲ್ಲ, ಹಾಗೆ.

ಒಳಗೆ ಮಕ್ಕಳು ಟೋಪಿಯ ಕಡೆ ಮುಖ ಮಾಡಿ ಮೊದಲು ಹೇಳುತ್ತಿದ್ದದ್ದು, "ನಾವು ಬರಿದು, ನಮ್ಮನ್ನು ತುಂಬಿ." ಆಮೇಲೆ ಮೊದಲ ಪಾಠ: "ಮೂಡಣ ಮಾರುತವು ಎದ್ದಾಗ ಪಟವನ್ನು ಇಳಿಸತಕ್ಕದ್ದು, ದಡವನ್ನು ಹಿಡಿಯತಕ್ಕದ್ದು." ಅದು ಟೋಪಿಯವರು ಕೊಟ್ಟ ಪಾಠ. ಅವರು ಬರುವ ಮೊದಲು ಊರಿನವರಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎನ್ನುವುದೂ ಗೊತ್ತಿರಲಿಲ್ಲವಂತೆ. ಪಾಪ, ಹೊಳೆಯ ದಡದಲ್ಲೇ ಹುಟ್ಟಿ, ಹೊಳೆಯಲ್ಲೇ ಮುಳುಗಿ ಸಾಯುತ್ತಿದ್ದರಂತೆ.

ಈ ಶಾಲೆಯ ಎದುರಿಗೆ, ದಾರಿಯ ಆಚೆ ಬದಿಗೆ, ಒಂದು ಕಲ್ಲಿತ್ತು. ಕಲ್ಲಿನ ಮೇಲೆ ದಿನಾ ಬೆಳಿಗ್ಗೆ ಕೂಗುವವನು ನಿಲ್ಲುತ್ತಿದ್ದ.

ಕೂಗುವವನನ್ನು ಚಿಕ್ಕಂದಿನಲ್ಲಿ ಈ ಬಾಗಿಲಿಂದ ವಾಪಸು ಕಳಿಸಿದ್ದರು. ಅವನ ಮಡಕೆ ದಬ್ ಅಂದಿತ್ತು. ಯಾಕೆ ದಬ್ ಅಂದಿತು ಎಂದು ಅವನು ಯೋಚಿಸಿದವನೇ ಅಲ್ಲ, ವಾಪಸು ಕಳಿಸಿದ ಸಿಟ್ಟೊಂದನ್ನೇ ಸಾಕಿಕೊಂಡು ಬಂದಿದ್ದ. ಕಿಟಕಿಯ ಕೆಳಗೆ ಕೂತು, ಒಳಗಿನಿಂದ ಸಿಡಿದ ಅಕ್ಷರಗಳನ್ನು ಆರಿಸಿಕೊಂಡು, ತಾನೇ ಓದು ಕಲಿತ. ಕಲಿತಷ್ಟೂ ಸಿಟ್ಟು ಹೆಚ್ಚಿತು. ಕಡೆಗೆ ಕಲ್ಲು ಹತ್ತಿದ.

"ನಾವು ಬರಿದು!" ಎಂದು ಕೂಗುತ್ತಿದ್ದ. "ನಮ್ಮನ್ನು ಬರಿದು ಮಾಡಿದರು! ನಮ್ಮ ಅಜ್ಜ ಅಜ್ಜಿಯರು ಬಗ್ಗಿ ನಿಂತು ಸುರಿದುಬಿಟ್ಟರು! ಈ ಊರಲ್ಲಿ ಒಂದು ಕಾಳು ಉಳಿದಿಲ್ಲ!"

ಗಂಟಲು ಅಂದರೆ ಗಂಟಲು. ಹೊಳೆಯ ಆಚೆ ದಡದ ಕೊಕ್ಕರೆಗಳು ಹಾರಿಹೋಗುತ್ತಿದ್ದವು. ಊರಿನವರಿಗೆ ಅವನ ಮೇಲೆ ಪ್ರೀತಿಯಿತ್ತು. ಅವನು ಕೂಗಿದರೆ ಹೊತ್ತು ಎಷ್ಟಾಯಿತೆಂದು ಗೊತ್ತಾಗುತ್ತಿತ್ತು. ಹೆಂಗಸರು ಒಲೆಗೆ ಎಸರಿಡುತ್ತಿದ್ದರು. ಶಾಲೆಯಿಂದಲೂ ಅವನಿಗೆ ದಿನಾ ಒಂದು ಚೆಂಬು ಮಜ್ಜಿಗೆ ಬರುತ್ತಿತ್ತು. ಹೆದರಿಕೊಂಡು ಕಳಿಸುತ್ತಾರೆ ಎಂದು ಅವನು ತಿಳಿದಿದ್ದ. ಒಂದು ದಿನ ಮಜ್ಜಿಗೆ ತಂದವನನ್ನು ಕೇಳಿಯೇ ಬಿಟ್ಟ.

"ನಿಮ್ಮ ದೊಡ್ಡಗುರುಗಳಿಗೆ ನಡುಕ ಬಂದಿರಬೇಕಲ್ವಾ?"

"ಇಲ್ಲಣ್ಣ. 'ಅವನು ಹೇಳೋದೂ ಅದೇ, ನಾವು ಹೇಳೋದೂ ಅದೇ. ಅವನದು ಸ್ವಲ್ಪ ಜೋರು, ಪಾಪ, ಗಂಟಲು ಒಣಗಿರ್ತದೆ, ಮಜ್ಜಿಗೆ ಕೊಡಿ' ಅಂದ್ರು."

ಕೂಗುವವನು ಅವತ್ತು ಮಜ್ಜಿಗೆ ಕುಡಿಯಲಿಲ್ಲ. ಮಾರನೆಯ ದಿನ ಕುಡಿದ. ಬಿಸಿಲು ಜಾಸ್ತಿಯಿತ್ತು.

ಹೀಗಿರುವಾಗ ಅವನ ಮಗಳು ಶಾಲೆಗೆ ಸೇರುತ್ತೇನೆ ಅಂದಳು.

ಅವನು ಉಣ್ಣುತ್ತಿದ್ದ. ತುತ್ತು ಅಲ್ಲೇ ನಿಂತಿತು. "ಯಾವ ಶಾಲೆಗೆ?"

"ಊರಲ್ಲಿ ಇರೋದು ಒಂದೇ ಅಲ್ವಾ ಅಪ್ಪ. ನೀನು ದಿನಾ ಬೈತೀಯಲ್ಲ, ಅದಕ್ಕೇ."

"ಏನು ಕಡಿಮೆ ಆಗಿದೆ ನಿನಗೆ? ನಾನು ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟಿದ್ದೀಯ. ಕಿಟಕಿ ಕೆಳಗೆ ನಿನಗೆ ಎಷ್ಟು ಕೇಳಿಸ್ತೋ ಅಷ್ಟು. ಗಾಳಿ ಬೀಸಿದ ದಿನದ ಪಾಠ ಒಂದೂ ಇಲ್ಲ." ಮಗಳು ನಗಲಿಲ್ಲ. "ನಕ್ಷತ್ರ ನೋಡಿ ದೋಣಿ ನಡೆಸೋ ಲೆಕ್ಕ ಒಳಗಿದೆ ಅಪ್ಪ. ನನಗದು ಬೇಕು. ಈ ಹೊಳೆ ಎಲ್ಲಿಗೆ ಹೋಗಿ ಸೇರ್ತದೋ ಅಲ್ಲಿವರೆಗೂ ನಾನು ಹೋಗಿ ಬರಬೇಕು."

"ಹಾಗಾದ್ರೆ ಹೋಗಿ ಸುರೀತೀಯಾ? ನಿಮ್ಮಜ್ಜಿ ಹೇಳಿದ್ದು, ನಾನು ಹೇಳಿದ್ದು, ಎಲ್ಲಾನೂ ಆ ಗುಂಡಿಗೆ?"

ಮೂಲೆಯಲ್ಲಿ ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ ಅವನ ಅವ್ವ ತಲೆ ಎತ್ತಿ ಮೊಮ್ಮಗಳನ್ನು ನೋಡಿದಳು. ಮೊಮ್ಮಗಳು ಅಜ್ಜಿಯನ್ನು ನೋಡಿದಳು.

"ಕೇಳಿಸ್ಕೋ," ಅಂದ ಕೂಗುವವನು. ಮನೆಯಲ್ಲಿ ಅವನು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. "ನಿನ್ನ ಮಡಕೆ ಆ ಬಾಗಿಲಲ್ಲಿ ಠಣ್ ಅಂದ್ರೆ ನೀನು ಈ ಹೊಸ್ತಿಲು ತುಳಿಯೋ ಹಾಗಿಲ್ಲ."

"ದಬ್ ಅಂದ್ರೆ ಅವರು ಅವರ ಹೊಸ್ತಿಲು ತುಳಿಸೋದಿಲ್ಲ. ನಾನೆಲ್ಲಿ ನಿಂತ್ಕೊಳ್ಳಲಿ, ನಿನ್ನ ಕಲ್ಲಿನ ಮೇಲಾ?"

"ಬಾ, ಇಬ್ಬರಿಗೂ ಜಾಗ ಇದೆ."

"ಒಬ್ಬನ ಕೂಗಿಗೇ ಊರು ಕಿವುಡಾಗಿದೆ. ಇನ್ನೊಬ್ಬಳು ಬೇರೆ," ಅಂದಳು ಅವ್ವ ಹಲ್ಲಿನಲ್ಲಿ ದಾರ ಕಡಿಯುತ್ತ.

ಮರುದಿನ ಅವ್ವ ಮೊಮ್ಮಗಳ ಕೈ ಹಿಡಿದು ಕುಂಬಾರನ ಅಂಗಳಕ್ಕೆ ಹೋಗಿ ಹೊಸ ಮಡಕೆ ತಂದಳು. ಆಮೇಲೆ ದಿನವೂ ಅಜ್ಜಿ ಮೊಮ್ಮಗಳು ಹಿತ್ತಿಲಲ್ಲಿ ಮಡಕೆಯನ್ನು ಬೋರಲು ಹಾಕಿಕೊಂಡು, ಅದರ ತಳಕ್ಕೆ ಬಾಯಿ ಹಚ್ಚಿ ಗುಸುಗುಸು ಅನ್ನುತ್ತಿದ್ದರು. ಮಡಕೆಯ ತಳಕ್ಕೆ ಯಾರಾದರೂ ಮಾತಾಡುತ್ತಾರೆಯೇ? ಹರಕೆ ಹೊರುತ್ತಿದ್ದಾರೆ ಎಂದುಕೊಂಡ ಕೂಗುವವನು. ಕೇಳಲಿಲ್ಲ. ಕೂಗುವವರಿಗೆ ಕೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ.

ತಟ್ಟುವ ದಿನ ಬಂತು. ದಿಬ್ಬದ ಕೆಳಗಿನವರೆಗೂ ಸಾಲು. ತಲೆಯ ಮೇಲೆ ಮಡಕೆ ಹೊತ್ತ ಮಕ್ಕಳು, ಬೆನ್ನಿಗೆ ಅಪ್ಪಂದಿರು, ಅವ್ವಂದಿರು. ಕೂಗುವವನು ಕಲ್ಲಿನ ಮೇಲೆ. ಅವತ್ತು ಅವನ ದನಿಗೆ ಇನ್ನಿಲ್ಲದ ಧಾರ.

ಒಂದೊಂದೇ ಮಗು ಗುಂಡಿಯ ಅಂಚಿಗೆ ಬಂದು, ಬಗ್ಗಿ, ಸುರಿಯಿತು. ಜರಜರ ಜರಜರ. ಒಂದೊಂದೇ ಮಡಕೆಯನ್ನು ತಟ್ಟುವವನು ತಟ್ಟಿದ. ಠಣ್. ಠಣ್. ಠಣ್. ಪ್ರತಿ ಠಣ್ ಕೇಳಿದಾಗಲೂ ಕೂಗುವವನು "ಇನ್ನೊಂದು ಹೋಯ್ತು!" ಅನ್ನುತ್ತಿದ್ದ.

ಮಗಳ ಸರದಿ ಬಂತು. ಅವನು ಕೂಗು ನಿಲ್ಲಿಸಿದ. ಇಡೀ ಸಾಲು ತಿರುಗಿ ಅವನನ್ನು ನೋಡಿತು, ಏಕೆಂದರೆ ಆ ಮೌನ ಯಾರಿಗೂ ಪರಿಚಯವಿರಲಿಲ್ಲ. ಮಗಳು ಗುಂಡಿಯ ಅಂಚಿಗೆ ಹೋದಳು. ತಂದೆಯ ಕಡೆ ನೋಡಲಿಲ್ಲ. ಬಗ್ಗಿದಳು, ಸುರಿದಳು. ಹಿಡಿಯಷ್ಟು ಕಾಳು ಬಿತ್ತು. ತಟ್ಟುವವನ ಮುಂದೆ ನಿಂತಳು.

ಠಣ್.

ಇನ್ನೊಮ್ಮೆ, ಠಣ್. ಮತ್ತೊಮ್ಮೆ, ಠಣ್. ಗಂಟೆಯ ಹಾಗೆ. ಅಷ್ಟು ಚೊಕ್ಕ ಬರಿದನ್ನು ಈಚೆಗೆ ಕೇಳಿರಲಿಲ್ಲ ಎಂಬಂತೆ ತಟ್ಟುವವನು ಕಣ್ಣರಳಿಸಿ, "ಹೋಗವ್ವಾ ಒಳಗೆ," ಅಂದ.

ಕೂಗುವವನು ಕಲ್ಲಿನಿಂದ ಹಾರಿದ. ದಾರಿ ದಾಟಿದ. ಯಾರಾದರೂ ತಡೆಯುವ ಮೊದಲೇ ಮಗಳ ತಲೆಯ ಮೇಲಿನ ಮಡಕೆಯನ್ನು ಕಿತ್ತುಕೊಂಡ. "ನೋಡಿ!" ಎಂದು ಎತ್ತಿ ಹಿಡಿದ. "ಎಲ್ಲಾರೂ ನೋಡಿ! ನನ್ನ ಮಗಳನ್ನೂ ಬರಿದು ಮಾಡಿದರು! ಒಂದು ಕಾಳು ಇಲ್ಲ!" ಎಂದವನೇ ಬಾಗಿಲ ಮೆಟ್ಟಿಲಿಗೆ ಅದನ್ನು ಅಪ್ಪಳಿಸಿದ.

ಮಡಕೆ ಒಡೆಯಿತು. ಹೊಟ್ಟೆ ಒಡೆಯಿತು, ತಳ ಒಡೆಯಿತು. ತಳದ ಕೆಳಗೆ ಇನ್ನೊಂದು ತಳವಿತ್ತು, ಅದೂ ಒಡೆಯಿತು.

ಎರಡು ತಳಗಳ ನಡುವಿನಿಂದ ಕಾಳು ಚಿಮ್ಮಿತು. ಮೆಟ್ಟಿಲ ಮೇಲೆಲ್ಲ ಉರುಳಿತು. ಉರುಳುತ್ತ ಮಾತಾಡಿತು. ಒಂದು ಕಾಳು ಜೋಗುಳ ಹಾಡಿತು. ಒಂದು ಕಾಳು ಯಾವ ಮೀನು ಯಾವ ಮಡುವಿನಲ್ಲಿ ಮೊಟ್ಟೆಯಿಡುತ್ತದೆ ಎಂದು ಹೇಳಿತು. ಇನ್ನೊಂದು, ಹಾವು ಕಚ್ಚಿದರೆ ಏನು ಮಾಡಬೇಕೆಂದಿತು, ಮತ್ತೊಂದು, ಅತ್ತೆಯನ್ನು ಬೈಯುವ ಬಗೆ ಹೇಳಿತು. ಎಲ್ಲಕ್ಕಿಂತ ದಪ್ಪನೆಯ ಕಾಳೊಂದು ಉರುಳಿಕೊಂಡು ಬಂದು ಕೂಗುವವನ ಕಾಲಿಗೇ ತಾಗಿ ನಿಂತು, ಅವನದೇ ದನಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿತು: "ಈ ಊರಲ್ಲಿ ಒಂದು ಕಾಳು ಉಳಿದಿಲ್ಲ!"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಗಳು ನಗಲಿಲ್ಲ. ಚೂರುಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನಾನು ಏನೂ ಸುರಿದಿರಲಿಲ್ಲ ಅಪ್ಪ," ಅಂದಳು. "ಮೇಲೆ ಹಾಕಿದ್ದು ಊರ ಚಾಡಿ ಮಾತು. ಸುರಿದ್ರೂ ನಷ್ಟ ಇಲ್ಲ ಅಂತ. ಒಳಗೆ ಕಾಲಿಟ್ಟಾಗಿತ್ತು. ನೀನು..."

"ಕಳ್ಳ ಮಡಕೆ!" ಎಂದ ತಟ್ಟುವವನು. ಗದ್ದಲಕ್ಕೆ ದೊಡ್ಡಗುರುಗಳು ಹೊರಗೆ ಬಂದರು. ಕಾಳು ನೋಡಿದರು, ಚೂರು ನೋಡಿದರು. "ಇವಳ ಹೆಸರು ತೆಗೆದುಹಾಕಿ. ಈ ಬಾಗಿಲು ಇವಳಿಗೆ ಮುಚ್ಚಿತು," ಅಂದರು.

ಕೂಗುವವನು ಅವ್ವನ ಕಡೆ ತಿರುಗಿದ. "ಅವ್ವಾ, ನೀನಾದ್ರೂ ನನಗೆ ಹೇಳಬಾರದಿತ್ತಾ?"

"ನಿನಗಾ? ನಿನ್ನ ಬಾಯಿಗೆ ಬಿದ್ರೆ ಆಚೆ ದಡಕ್ಕೂ ಗೊತ್ತಾಗಿರೋದು," ಅಂದಳು ಅವ್ವ. "ನಿನಗೂ ಇದೇ ಮಡಕೆ ಕೊಡಿಸಿದ್ದೆ ಕಣ್ಲಾ, ಸಿಟ್ಟಿನ ಭರದಲ್ಲಿ ಅದನ್ನೇ ಮರೆತೆ. ಎರಡು ತಳದ ನಡುವೆ ಒಂದು ಹಿಡಿಗೆ ಜಾಗ. ಒಂದು ಹಿಡಿ ಸಾಕು ಮಗಾ ಅಂದೆ. ನೀನೆಲ್ಲಿ ಕೇಳ್ತೀಯ, ಆಸೆಬುರುಕ. ನಿಮ್ಮಜ್ಜನ ದೋಣಿ ಪದ ಎಲ್ಲಾನೂ ತುರುಕಿದೆ. ಮೇಲಿನ ತಳ ಬಿರುಕು ಬಿಟ್ಟು ಕಾಳು ಹೊಟ್ಟೆಗೆ ಉಕ್ಕಿತು. ಅದಕ್ಕೇ ದಬ್ ಅಂದದ್ದು. ಬರಿದಾಗಿ ನಿನ್ನನ್ನ ಕಳಿಸಲಿಲ್ಲ. ಜಾಸ್ತಿ ಆಗಿ ಕಳಿಸಿದರು."

ಕೂಗುವವನು ಮೆಟ್ಟಿಲ ಮೇಲೆ ಕೂತುಬಿಟ್ಟ.

ಇದನ್ನು ಕೇಳಿದ ಮೇಲೆ ಸಾಲಿನಲ್ಲಿ ಒಂದು ವಿಚಿತ್ರ ನಡೆಯಿತು. ಹೆಂಗಸೊಬ್ಬಳು ಮಗನ ತಲೆಯ ಮೇಲಿನ ಮಡಕೆ ಇಳಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳ ಹಿಂದಿನವನು ಮಡಕೆಯನ್ನು ಬೆನ್ನ ಹಿಂದೆ ಅಡಗಿಸಿದ. ಅವನ ಹಿಂದಿನವಳು ಮಡಕೆಯ ಮೇಲೆ ಕೂತೇಬಿಟ್ಟಳು. ಒಬ್ಬರನ್ನೊಬ್ಬರು ನೋಡಿದರು.

"ಏನಕ್ಕಾ, ನಿಂದೂನಾ?"

"ನಿಂದೂನಾ?"

"ಕುಂಬಾರ ನನಗೊಬ್ಬಳಿಗೇ ಮಾಡಿಕೊಟ್ಟಿದ್ದು ಅಂದ!"

"ನನಗೂ ಹಂಗೇ ಅಂದ! ಯಾರಿಗೂ ಹೇಳಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡ!"

ಎಲ್ಲರ ಕಣ್ಣೂ ಕುಂಬಾರನನ್ನು ಹುಡುಕಿದವು. ಅವನು ದಿಬ್ಬದ ಕೆಳಗೆ ಆಗಲೇ ಅರ್ಧ ದಾರಿಯಲ್ಲಿದ್ದ. "ನಮ್ಮಪ್ಪನೂ ಹಂಗೇ ಮಾಡ್ತಿದ್ದ, ಅವನಪ್ಪನೂ ಹಂಗೇ ಮಾಡ್ತಿದ್ದ!" ಎಂದು ಅಲ್ಲಿಂದಲೇ ಕೂಗಿದ. "ಒಂದೇ ತಳದ ಮಡಕೆ ಮಾಡೋದು ನಮಗೆ ಗೊತ್ತೇ ಇಲ್ಲ!"

ಊರಿಗೆ ಊರೇ ನಾಚಿಕೊಂಡು ನಿಂತಿತು. ತಲೆತಲಾಂತರದಿಂದ ಪ್ರತಿ ಮನೆಯೂ ತಾನೊಂದೇ ಮೋಸ ಮಾಡಿದ್ದೇನೆಂದು ತಿಳಿದಿತ್ತು. ಉಳಿದವರೆಲ್ಲ ಪ್ರಾಮಾಣಿಕವಾಗಿ ಬರಿದಾಗಿದ್ದಾರೆ, ನಾವು ಮಾತ್ರ ಕದ್ದು ಇಟ್ಟುಕೊಂಡಿದ್ದೇವೆ ಎಂಬ ಅಂಜಿಕೆಯಲ್ಲಿ ಎಲ್ಲರೂ ಗಟ್ಟಿಯಾಗಿ "ನಾವು ಬರಿದು" ಎಂದು ಹೇಳುತ್ತ ಬಂದಿದ್ದರು. ಟೋಪಿಯವರನ್ನು ಏಮಾರಿಸಿದ್ದು ಹಳೆಯ ಮಾತು. ಅವರು ಹೋದ ಮೇಲೂ ಒಬ್ಬರನ್ನೊಬ್ಬರು ಏಮಾರಿಸುತ್ತಿದ್ದರಲ್ಲ, ಅದಕ್ಕೆ ಏನನ್ನಬೇಕು?

ದೊಡ್ಡಗುರುಗಳು ಕೆಮ್ಮಿದರು. "ನಾಚಿಕೆ ಆಗಬೇಕು ನಿಮಗೆ. ಒಳಗೆ ಪೀಠದ ಮೇಲಿರೋ ಮೊದಲ ಶಿಷ್ಯನ ಮಡಕೆ ನೋಡಿ ಕಲೀರಿ. ಟೋಪಿಯವರ ಕೈಯಲ್ಲೇ ತಟ್ಟಿಸಿಕೊಂಡ ಮಡಕೆ. ಈ ಊರಿನ ಮೊದಲ ಬರಿದು. ಅಂಥಾ ಠಣ್ ಮತ್ತೆ ಕೇಳಿಸಿಲ್ಲ ಅಂತಾರೆ."

"ಗುರುಗಳೇ," ಅಂದಳು ಮಗಳು. ಕಣ್ಣು ಒರೆಸಿಕೊಂಡು ಎದ್ದು ನಿಂತಿದ್ದಳು. "ಅದರ ತಳ ಯಾರಾದರೂ ತಟ್ಟಿದ್ದಾರಾ?"

"ಏನು?"

"ಹೊಟ್ಟೆಯಲ್ಲ, ತಳ. ಅದೂ ಇದೇ ಕುಂಬಾರರ ಮನೆಯದ್ದೇ ತಾನೇ?"

ದೊಡ್ಡಗುರುಗಳು ತಟ್ಟುವವನನ್ನು ನೋಡಿದರು. ತಟ್ಟುವವನು ನೆಲ ನೋಡಿದ. "ನನ್ನ ಕೆಲಸ ಹೊಟ್ಟೆ ತಟ್ಟೋದು," ಅಂದ. "ತಳ ತಟ್ಟು ಅಂತ ಯಾರೂ ಹೇಳಿಲ್ಲ. ನಾನೂ ಈ ಊರವನೇ. ನಮ್ಮವ್ವನೂ ನನಗೆ ಒಂದು ಮಡಕೆ ಕೊಡಿಸಿದ್ದಳು."

ಜನ ಒಳಗೆ ನುಗ್ಗಿತು. ಪೀಠದಿಂದ ಹೂಮಾಲೆ ತೆಗೆದು ಮಡಕೆಯನ್ನು ಹೊರಗೆ ತಂದು ಬೋರಲು ಹಾಕಿದರು. ತಳದ ನಡುವೆ, ಬೆರಳು ಹೋಗುವಷ್ಟು ಅಗಲಕ್ಕೆ, ಜೇಡಿಮಣ್ಣಿನ ಬಿರಡೆ. ದೊಡ್ಡಗುರುಗಳ ಮುಖ ಬಿಳುಚಿಕೊಂಡಿತು. ಮಗಳು ಅದನ್ನು ಒಡೆಯಲಿಲ್ಲ. ಒಡೆಯುವುದು ಅಪ್ಪನ ಕೆಲಸ, ಅದು ಮುಗಿದಿತ್ತು. ಉಗುರಿನಿಂದ ಮೆಲ್ಲಗೆ ಬಿರಡೆ ಕೆರೆದು ತೆಗೆದಳು. ಒಂದೇ ಒಂದು ಕಾಳು ಹೊರಗೆ ಬಂತು. ಹಳೆಯದಾಗಿ ಒಣಗಿತ್ತು. ದನಿ ಮಾತ್ರ ಹಸಿಯಾಗಿತ್ತು. ಹೆಂಗಸಿನ ದನಿ, ದೋಣಿ ನಡೆಸುವವಳ ದನಿ.

"ಅಯ್ಯೋ ಟೋಪಿಯಪ್ಪಾ! ಮೂಡಗಾಳಿ ಎದ್ದೈತೆ, ಮೊದಲು ಆ ಪಟ ಇಳಿಸು! ದಡ ಹಿಡಿ, ದಡ! ನೀನು ಮುಳುಗೋದಲ್ಲದೆ ನನ್ನನ್ನೂ ಮುಳುಗಿಸ್ತೀಯಲ್ಲೋ! ಹಾಂ, ಹಂಗೆ. ಬರ್ಕೋ ಬೇಕಾದ್ರೆ, ಮರೆತೋಗ್ತೀಯ."

ಅದೇ ಹೊತ್ತಿಗೆ ಒಳಗೆ, ಇದೊಂದೂ ತಿಳಿಯದ ಚಿಕ್ಕಮಕ್ಕಳ ತರಗತಿ ಟೋಪಿಯ ಕಡೆ ಮುಖ ಮಾಡಿ ರಾಗವಾಗಿ ಹೇಳುತ್ತಿತ್ತು: "ಮೂಡಣ ಮಾರುತವು ಎದ್ದಾಗ ಪಟವನ್ನು ಇಳಿಸತಕ್ಕದ್ದು, ದಡವನ್ನು ಹಿಡಿಯತಕ್ಕದ್ದು."

ಮೊದಲು ನಕ್ಕವಳು ಅವ್ವ. ಆಮೇಲೆ ತಟ್ಟುವವನು. ಆಮೇಲೆ ನಗು ದಿಬ್ಬದ ಮೇಲಿಂದ ಕೆಳಗಿನವರೆಗೂ ಸಾಲಿನುದ್ದಕ್ಕೂ ಇಳಿಯಿತು. ದೊಡ್ಡಗುರುಗಳು ನಗದೆ ಇರಲು ತುಂಬ ಕಷ್ಟಪಟ್ಟರು.

ನಗು ನಿಂತ ಮೇಲೆ ಅವರು, "ಹಾಗಾದರೆ ನಾಳೆಯಿಂದ ಕಟ್ಟಳೆ ತಿರುಗಿಸೋಣ," ಅಂದರು. "ದಬ್ ಅಂದವರು ಒಳಗೆ, ಠಣ್ ಅಂದವರು ಮನೆಗೆ."

"ತಟ್ಟೋದನ್ನೇ ಬಿಡಿ ಗುರುಗಳೇ," ಅಂದಳು ಮಗಳು.

ಅದು ಅವರಿಗೆ ಹೊಳೆದಿರಲಿಲ್ಲ. ಊರಿಗೂ ಹೊಳೆದಿರಲಿಲ್ಲ. ದೊಡ್ಡಗುರುಗಳು ತಲೆಯಾಡಿಸಿ, ಅವಳ ಹೆಸರನ್ನು ಮತ್ತೆ ಬರೆಸಿದರು. ತಟ್ಟುವವನಂತೂ ತನ್ನ ಗೆಣ್ಣುಗಳನ್ನು ನೋಡಿಕೊಂಡು, ಇನ್ನು ಇವನ್ನು ಎಲ್ಲಿಟ್ಟುಕೊಳ್ಳಲಿ ಎಂಬಂತೆ ನಿಂತ.

ಕೂಗುವವನು ಮೆಟ್ಟಿಲಿಂದ ಎದ್ದಿರಲಿಲ್ಲ. ಮಗಳ ಕಾಳುಗಳನ್ನು ಒಂದೊಂದಾಗಿ ಆರಿಸಿ ತನ್ನ ರುಮಾಲಿನಲ್ಲಿ ಹಾಕುತ್ತಿದ್ದ. ಅತ್ತೆಯನ್ನು ಬೈಯುವ ಕಾಳನ್ನೂ ಬಿಡಲಿಲ್ಲ. ತನ್ನ ದನಿಯ ಕಾಳು ಕೈಗೆ ಸಿಕ್ಕಾಗ ಅದನ್ನು ಗುಂಡಿಗೆ ಎಸೆಯಲು ಕೈ ಎತ್ತಿದ.

"ಇಡು ಅಪ್ಪ, ಅದೂ ನನ್ನದೇ," ಅಂದಳು ಮಗಳು. ರುಮಾಲಿನ ಗಂಟು ತೆಗೆದುಕೊಂಡು ಬಾಗಿಲು ದಾಟಿದಳು. ದಾಟುವಾಗ ತಿರುಗಿ ನೋಡಿದಳು. "ಸಾಯಂಕಾಲ ಮನೆಗೆ ಬರಬಹುದಾ?"

"ಬಾ," ಅಂದ. ಅಷ್ಟು ಚಿಕ್ಕ ಮಾತು ಅವನ ಬಾಯಿಂದ ಬಂದದ್ದನ್ನು ಊರು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕೂಗು ಕೇಳಿಸಲಿಲ್ಲ. ಹೆಂಗಸರು ಎಸರಿಡುವುದು ತಡವಾಯಿತು. ಮಜ್ಜಿಗೆಯ ಚೆಂಬು ಕಲ್ಲಿನವರೆಗೂ ಹೋಗಿ ಸುಮ್ಮನೆ ವಾಪಸು ಬಂತು. ಆ ಹೊತ್ತಿಗೆ ಬಾಗಿಲ ಮುಂದೆ, ಮೊಣಕಾಲೆತ್ತರದ ಮಕ್ಕಳ ಸಾಲಿನಲ್ಲಿ, ನರೆತ ಮೀಸೆಯ ದೊಡ್ಡಾಳೊಬ್ಬ ನಿಂತಿದ್ದ. ತಲೆಯ ಮೇಲೆ ಹಳೆಯ ಮಡಕೆ. ಅವ್ವ ಅಟ್ಟದ ಮೇಲಿಂದ ಇಳಿಸಿಕೊಟ್ಟದ್ದು. ಒಳಗೆ ಅವನ ಅಜ್ಜನ ದೋಣಿ ಪದಗಳೆಲ್ಲ ಹಾಗೇ ಇದ್ದವು. ಯಾರೂ ಅವನ್ನು ಸುರಿದಿರಲಿಲ್ಲ, ಬಗ್ಗಿ ನೋಡಿಯೂ ಇರಲಿಲ್ಲ.

ಅವನ ಸರದಿ ಬಂತು. ತಟ್ಟುವವನಿಗೆ ಅಭ್ಯಾಸ ಬಿಡುವುದುಂಟೇ, ಕೈ ತಾನಾಗಿ ಎದ್ದು ತಟ್ಟಿತು.

ದಬ್.

ಅದೇ ದಬ್. ತಟ್ಟುವವನ ಬೆರಳು ಮನೆಯ ದಾರಿ ತೋರಿಸಲು ಅರ್ಧ ಎದ್ದು, ಅಲ್ಲೇ ನಾಚಿಕೊಂಡು, ಹೋಗಿ ಅವನದೇ ಕಿವಿ ಕೆರೆಯಿತು.

"ನಡಿ ಒಳಗೆ," ಅಂದ. "ಬಾಗಿಲು ಗಿಡ್ಡ. ತಲೆ ಬಗ್ಗಿಸು, ಮಡಕೆ ಒಡೆದೀತು."

"ಒಳಗಿರೋದು ಕೇಳಬೇಕಾದ್ರೆ ಒಡೀಬೇಕಾಗಿಲ್ಲ, ಗೊತ್ತಾಯ್ತು," ಅಂದ ಕೂಗುವವನು. ಬಗ್ಗಲಿಲ್ಲ. ಮಡಕೆಯನ್ನು ತಲೆಯಿಂದ ಇಳಿಸಿ ಸೊಂಟಕ್ಕೆ ಒತ್ತಿಕೊಂಡು, ನೆಟ್ಟಗೆ ಒಳಗೆ ಹೋದ.

ಒಳಗೆ ಚಾಪೆಯ ತುದಿಯಲ್ಲಿ ಮಗಳು ಸರಿದು ಜಾಗ ಮಾಡಿದಳು. "ಕೂತ್ಕೋ," ಅಂದಳು, "ಗಲಾಟೆ ಮಾಡಬೇಡ."